ನೆಲ ಓದುವ ಮಕ್ಕಳು

(ಮಹಿಳೆಯರ ಕಲಿಕಾ ಕೇಂದ್ರವೊಂದರಲ್ಲಿ ಮಾಡಿದ ಭಾಷಣ)



ದಿನವಿಡೀ ದುಡಿದಿದ್ದೀರಿ. ಮನೆಯವರಿಗೆಲ್ಲ ಊಟ ಇಟ್ಟು ಇಲ್ಲಿಗೆ ಬಂದಿದ್ದೀರಿ. ದಣಿವು ನಿಮ್ಮ ಮುಖದಲ್ಲೇ ಕಾಣುತ್ತಿದೆ. ಅದಕ್ಕೇ ಕಷ್ಟದ ಮಾತು ಬೇಡ. ಕಥೆ ಹೇಳೋ ಹಾಗೆ ಹೇಳ್ತೀನಿ. ಆದರೆ ಇದು ಕಟ್ಟುಕಥೆ ಅಲ್ಲ. ನಡೆದದ್ದು.

ಸ್ವಲ್ಪ ಹೊತ್ತಿನ ಮುಂಚೆ ಒಬ್ಬ ಅಕ್ಕ ನನ್ನ ಹತ್ತಿರ ಬಂದರು. ಕೈಯಲ್ಲಿ ಸ್ಲೇಟು ಇತ್ತು. ತಮ್ಮ ಹೆಸರು ಬರೆದು ತೋರಿಸಿದರು. ಅಕ್ಷರ ದುಂಡಾಗಿತ್ತು. ಆಮೇಲೆ ಹೇಳಿದರು, "ಈಗ ಏನೋ ಕಲೀತಾ ಇದೀನಿ ಮೇಡಂ. ಇಷ್ಟು ವರ್ಷ ಏನೂ ಕಲೀಲಿಲ್ಲ. ದಡ್ಡಿಯಾಗೇ ಬದುಕಿಬಿಟ್ಟೆ."

ಆ ಮಾತು ನನ್ನ ಮನಸ್ಸಿಗೆ ಚುಚ್ಚಿತು. "ಅಕ್ಕ, ನಿಮಗೆ ನಾಟಿ ಮಾಡೋಕೆ ಬರುತ್ತಾ?" ಅಂತ ಕೇಳಿದೆ.

"ಅಯ್ಯೋ, ಬರದೇ ಏನು?"

"ಯಾರು ಹೇಳಿಕೊಟ್ಟರು?"

ಅವರು ಯೋಚನೆ ಮಾಡಿದರು. "ಯಾರೂ ಕೂರಿಸಿ ಹೇಳಿಕೊಡಲಿಲ್ಲ. ಅವ್ವನ ಜೊತೆ ಗದ್ದೆಗೆ ಹೋಗ್ತಿದ್ದೆ. ನೋಡ್ತಾ ನೋಡ್ತಾ ಬಂತು" ಅಂದರು.

ನೋಡ್ತಾ ನೋಡ್ತಾ ಬಂತು. ಈ ಮೂರು ಮಾತು ನೆನಪಿಟ್ಟುಕೊಳ್ಳಿ. ಇವತ್ತು ನಾನು ಹೇಳೋದು ಹೀಗೆ ನೋಡ್ತಾ ನೋಡ್ತಾ ಕಲಿತ ಜನರ ಬಗ್ಗೆ.

ದೂರದ ಊರು, ದೂರದ ಜನ

ಮನುಷ್ಯ ಈ ಭೂಮಿಯ ಮೇಲೆ ಬಂದು ಸುಮಾರು 3 ಲಕ್ಷ ವರ್ಷ ಆಯಿತು. ಬೇಸಾಯ ಶುರುವಾಗಿ ಸುಮಾರು 12,000 ವರ್ಷ ಮಾತ್ರ. ಅದಕ್ಕೂ ಮುಂಚೆ ಎಲ್ಲರೂ ಹೇಗೆ ಬದುಕುತ್ತಿದ್ದರು? ಬೇಟೆ ಆಡುತ್ತಿದ್ದರು. ಗೆಡ್ಡೆ, ಹಣ್ಣು, ಬೀಜ ಆರಿಸಿ ತರುತ್ತಿದ್ದರು. ನಿಮ್ಮ ಹಿಂದಿನವರು, ನನ್ನ ಹಿಂದಿನವರು, ಎಲ್ಲರೂ ಹಾಗೇ ಬದುಕಿದವರು.

ಆಗ ಶಾಲೆ ಇರಲಿಲ್ಲ. ಹಲಗೆ, ಬಳಪ ಇರಲಿಲ್ಲ. ಆದರೂ ಮಕ್ಕಳು ಕಲಿತರು. ಕಲಿಯದೇ ಹೋಗಿದ್ದರೆ ಇವತ್ತು ನಾವು ಯಾರೂ ಇರುತ್ತಿರಲಿಲ್ಲ.

ಅಂಥ ಬದುಕನ್ನು ತೀರಾ ಈಚಿನವರೆಗೂ ನಡೆಸಿದ ಕೆಲವು ಜನ ಇದ್ದಾರೆ. ಅವರಲ್ಲಿ ಒಂದು ಗುಂಪಿನ ಹೆಸರು ಜುತ್ವಾಸಿ. ಆ ಹೆಸರಿಗೆ 'ನಿಜವಾದ ಜನ' ಎಂದು ಅರ್ಥ. ಇವರ ಊರು ಆಫ್ರಿಕಾ ಖಂಡದ ಕಲಹಾರಿ ಎಂಬ ಒಣ ಸೀಮೆ. ಈಗಿನ ನಮೀಬಿಯಾ ಮತ್ತು ಬೋಟ್ಸ್ವಾನಾ ದೇಶಗಳ ಗಡಿಯಲ್ಲಿದೆ. ಅಲ್ಲಿ ಎಲ್ಲ ಕಡೆ ಮರಳು, ಒಣ ಹುಲ್ಲು, ಮುಳ್ಳು ಗಿಡ. ನೀರು ತೀರಾ ಕಡಿಮೆ.

ಇವರ ಮಾತು ಕೇಳೋಕೆ ಬಲು ಚೆಂದ. ನಾವು ಎತ್ತು ಹೊಡೆಯುವಾಗ ನಾಲಿಗೆಯಲ್ಲಿ ಲೊಚ್ ಅಂತ ಸದ್ದು ಮಾಡ್ತೀವಲ್ಲ, ಅಂಥ ಸದ್ದುಗಳು ಅವರ ಮಾತಿನಲ್ಲಿ ಅಕ್ಷರದ ಹಾಗೆ ಬರುತ್ತವೆ.

1951ರಲ್ಲಿ ಅಮೆರಿಕದ ಒಬ್ಬ ತಾಯಿ ಗಂಡ ಮಕ್ಕಳ ಜೊತೆ ಅಲ್ಲಿಗೆ ಹೋದರು. ಅವರ ಹೆಸರು ಲೋರ್ನಾ ಮಾರ್ಷಲ್. ಆಗ ಅವರಿಗೆ ಐವತ್ತು ದಾಟಿತ್ತು. ಹಿಂದೆ ಇಂಗ್ಲಿಷ್ ಪಾಠ ಹೇಳುತ್ತಿದ್ದವರು. ಜನರ ಬದುಕನ್ನು ಅಧ್ಯಯನ ಮಾಡುವ ವಿದ್ಯೆ ಅವರು ಓದಿರಲಿಲ್ಲ. ಐವತ್ತರ ಮೇಲೆ ಹೊಸದಾಗಿ ಕಲಿತರು. ಮತ್ತೆ ಮತ್ತೆ ಅಲ್ಲಿಗೆ ಹೋದರು. ಜುತ್ವಾಸಿಗಳ ಜೊತೆ ಕೂತು, ಕೇಳಿ, ನೋಡಿ ಬರೆದುಕೊಂಡರು. 1976ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ಅವರು 103 ವರ್ಷ ಬದುಕಿದರು. "ಈ ವಯಸ್ಸಿನಲ್ಲಿ ಏನು ಕಲಿಯೋದು" ಅನ್ನುವವರು ಈ ತಾಯಿಯನ್ನು ನೆನೆಸಿಕೊಳ್ಳಬೇಕು.

ಅವರೂ, ಅವರ ನಂತರ ಹೋದವರೂ ಕಂಡು ಬರೆದದ್ದನ್ನೇ ನಿಮಗೆ ಹೇಳ್ತೀನಿ. ಇದು 1950 ಮತ್ತು 1960ರ ಕಾಲದ ಬದುಕು.

ತಾಯಿಯ ಮಡಿಲೇ ಮೊದಲ ಶಾಲೆ

ಜುತ್ವಾಸಿಗಳ ಬಿಡಾರ ಚಿಕ್ಕದು. ಇಪ್ಪತ್ತೈದು ಮೂವತ್ತು ಜನ ಇರುತ್ತಿದ್ದರು. ಹುಲ್ಲಿನ ಗುಡಿಸಲು ಗುಂಡಗೆ ಸಾಲಾಗಿ ಕಟ್ಟುತ್ತಿದ್ದರು. ಪ್ರತಿ ಗುಡಿಸಲ ಮುಂದೆ ಒಂದು ಒಲೆ. ಬದುಕೆಲ್ಲ ಗುಡಿಸಲ ಒಳಗಲ್ಲ, ಈ ಒಲೆಯ ಮುಂದೆ.

ಹೆಂಗಸರು ವಾರದಲ್ಲಿ ಎರಡು ಮೂರು ದಿನ ಆಹಾರ ತರಲು ಹೋಗುತ್ತಿದ್ದರು. ಕೈಯಲ್ಲಿ ನೆಲ ಅಗೆಯುವ ಚೂಪು ಕೋಲು. ಮೈಮೇಲೆ ತೊಗಲಿನ ಹೊದಿಕೆ. ಅದರ ಮಡಿಕೆಯಲ್ಲಿ ಮಗು. ಅದರಲ್ಲೇ ಆರಿಸಿದ ಕಾಯಿ, ಗೆಡ್ಡೆ. ನೀರು ತುಂಬಲು ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪು.

ಗಂಡಸರು ಬೇಟೆಗೆ ಹೋಗುತ್ತಿದ್ದರು. ಬೇಟೆ ಸಿಕ್ಕರೆ ಹಬ್ಬ. ಆದರೆ ದಿನಾ ಸಿಗೋದಿಲ್ಲ. ಹಾಗಾದರೆ ದಿನದ ಹೊಟ್ಟೆ ತುಂಬಿಸಿದವರು ಯಾರು? ಕೆನಡಾದ ರಿಚರ್ಡ್ ಲೀ ಎಂಬ ವಿದ್ವಾಂಸರು 1963ರಲ್ಲಿ ಅಲ್ಲಿಗೆ ಹೋದರು. ಅವರು ತೂಕ ಮಾಡಿ ನೋಡಿದರು. ಊಟದಲ್ಲಿ ಮೂರರಲ್ಲಿ ಎರಡು ಪಾಲು ಗಿಡ ಮರದಿಂದ ಬಂದದ್ದು. ಅದರಲ್ಲಿ ಹೆಚ್ಚಿನದನ್ನು ತಂದವರು ಹೆಂಗಸರು. ಅವರಿಗೆ ತಿನ್ನಲು ಬರುವ ನೂರಕ್ಕೂ ಹೆಚ್ಚು ಬಗೆಯ ಗಿಡ ಗೊತ್ತಿತ್ತು. ಯಾವುದು ಯಾವ ತಿಂಗಳಲ್ಲಿ, ಯಾವ ಜಾಗದಲ್ಲಿ ಅಂತ ತಿಳಿದಿತ್ತು. ಮೊಂಗೊಂಗೊ ಎಂಬ ಗಟ್ಟಿ ಕಾಯಿ ಅವರ ಮುಖ್ಯ ಆಹಾರ. ಕಲ್ಲಿನ ಮೇಲೆ ಇಟ್ಟು ಕಲ್ಲಿನಿಂದ ಒಡೆದು ತಿರುಳು ತಿನ್ನುತ್ತಿದ್ದರು.

ಮಗು ಸುಮಾರು ನಾಲ್ಕು ವರ್ಷದವರೆಗೆ ತಾಯಿಯ ಸೊಂಟದ ಮೇಲೇ. ಮೂರು ನಾಲ್ಕು ವರ್ಷ ಮೊಲೆಹಾಲು ಕುಡಿಯುತ್ತಿತ್ತು. ಒಂದು ಹೆರಿಗೆಗೂ ಇನ್ನೊಂದು ಹೆರಿಗೆಗೂ ಸುಮಾರು ನಾಲ್ಕು ವರ್ಷದ ಅಂತರ. ಲೀ ಅವರು ಇನ್ನೊಂದು ಲೆಕ್ಕ ಹಾಕಿದರು. ನಾಲ್ಕು ವರ್ಷದಲ್ಲಿ ಒಂದು ಮಗುವನ್ನು ಹೊತ್ತು ತಾಯಿ ನಡೆದ ದೂರ ಸುಮಾರು 7,800 ಕಿಲೋಮೀಟರ್! ಬೆಂಗಳೂರಿನಿಂದ ದೆಹಲಿಗೆ ಮೂರು ಸಲ ನಡೆದರೂ ಅಷ್ಟು ಆಗೋದಿಲ್ಲ.

ಆ ದೂರವೆಲ್ಲ ಮಗುವಿಗೆ ಪಾಠ. ಒಣ ಹುಲ್ಲಿನ ನಡುವೆ ದಾರದಂಥ ಒಂದು ಬಳ್ಳಿ. ತಾಯಿ ಅದನ್ನು ಕಂಡು ನಿಲ್ಲುತ್ತಾಳೆ. ಅಗೆಯುತ್ತಾಳೆ. ಕೆಳಗೆ ನೀರು ತುಂಬಿದ ಗೆಡ್ಡೆ! ಸೊಂಟದ ಮೇಲಿಂದ ಮಗು ಎಲ್ಲವನ್ನೂ ನೋಡುತ್ತದೆ. ನೋಡ್ತಾ ನೋಡ್ತಾ ಬಂತು.

ಹಾಗಂತ ಅವರು ಏನನ್ನೂ ಹೇಳಿಕೊಡುತ್ತಿರಲಿಲ್ಲ ಅಂತ ಅಲ್ಲ. ಮಗು ಕೂರೋದನ್ನೂ ನಡೆಯೋದನ್ನೂ ದೊಡ್ಡವರೇ ಕಲಿಸಬೇಕು ಎಂದು ಅವರ ನಂಬಿಕೆ. ಎಳೆ ಮಗುವನ್ನು ಕೂರಿಸಿ ಸುತ್ತ ಮರಳು ಏರಿಸುತ್ತಿದ್ದರು. ಮಗು ಬೀಳದ ಹಾಗೆ ಮರಳೇ ಆಸರೆ.

ಇನ್ನೊಂದು ಪಾಠ ನನಗೆ ಬಹಳ ಹಿಡಿಸಿತು. ಅಜ್ಜಿ ಮೊಮ್ಮಗುವಿಗೆ ಮಣಿ ಸರ ಕಟ್ಟುತ್ತಾಳೆ. ಸ್ವಲ್ಪ ಕಾಲ ಕಳೆದ ಮೇಲೆ ಅದನ್ನು ಬಿಚ್ಚಿ, ತೊಳೆದು, ಮಗುವಿನ ಕೈಗೇ ಕೊಡುತ್ತಾಳೆ. "ಹೋಗು, ನಿನ್ನ ಬಂಧುವಿಗೆ ಕೊಡು" ಅಂತ ಕಳಿಸುತ್ತಾಳೆ. ಮಗುವಿಗೆ ಮಾತು ಸರಿಯಾಗಿ ಬರುವ ಮುಂಚೆಯೇ ಹಂಚಿಕೊಳ್ಳುವ ಪಾಠ. ಯಾಕೆಂದರೆ ಆ ಸೀಮೆಯಲ್ಲಿ ಹಂಚಿ ತಿನ್ನದವರು ಬದುಕುವುದಿಲ್ಲ. ಇವತ್ತು ನನಗೆ ಬೇಟೆ ಸಿಕ್ಕಿತು, ನಾಳೆ ನಿನಗೆ ಸಿಗಬಹುದು. ಮಾಂಸ ಬಿಡಾರದ ಎಲ್ಲರಿಗೂ ಸೇರಬೇಕು.

ಆಟವೇ ಪಾಠ

ಮಗು ಸೊಂಟದಿಂದ ಇಳಿದ ಮೇಲೆ ಮಕ್ಕಳ ಗುಂಪು ಸೇರುತ್ತದೆ. ಬಿಡಾರ ಚಿಕ್ಕದಲ್ಲವೇ? ಒಂದೇ ವಯಸ್ಸಿನ ಹತ್ತು ಮಕ್ಕಳು ಎಲ್ಲಿ ಸಿಗಬೇಕು? ಮೂರು ವರ್ಷದ್ದು, ಏಳು ವರ್ಷದ್ದು, ಹನ್ನೆರಡು ವರ್ಷದ್ದು, ಎಲ್ಲ ಒಟ್ಟಿಗೆ ಆಡುತ್ತವೆ. ದೊಡ್ಡದು ಚಿಕ್ಕದನ್ನು ನೋಡಿಕೊಳ್ಳುತ್ತದೆ. ಚಿಕ್ಕದು ದೊಡ್ಡದನ್ನು ನೋಡಿ ಕಲಿಯುತ್ತದೆ.

ಹುಡುಗಿಯರು ಕಾಡು ಕಲ್ಲಂಗಡಿಯನ್ನು ಚೆಂಡಿನ ಹಾಗೆ ಒಬ್ಬರಿಂದ ಒಬ್ಬರಿಗೆ ಎಸೆಯುತ್ತಾ ಹಾಡಿ ಕುಣಿಯುತ್ತಿದ್ದರು. ಅಮ್ಮಂದಿರೂ ಸೇರಿಕೊಳ್ಳುತ್ತಿದ್ದರು. ಹುಡುಗರು ಕಡ್ಡಿಗೆ ಗರಿಯನ್ನೂ ಚಿಕ್ಕ ಭಾರವನ್ನೂ ಕಟ್ಟಿ ಮೇಲಕ್ಕೆ ಎಸೆಯುತ್ತಿದ್ದರು. ಅದು ತಿರುಗುತ್ತಾ ಇಳಿಯುವಾಗ ಕೋಲಿನಲ್ಲಿ ಹಿಡಿದು ಮತ್ತೆ ಎಸೆಯಬೇಕು. ಆಟವೂ ಆಯಿತು, ಬೇಟೆಗೆ ಬೇಕಾದ ಕಣ್ಣೂ ಕೈಯೂ ಪಳಗಿತು. ಇನ್ನು ಕೆಲವು ಮಕ್ಕಳು ಪುಟ್ಟ ಗುಡಿಸಲು ಕಟ್ಟಿ ಸಂಸಾರದ ಆಟ ಆಡುತ್ತಿದ್ದವು. ನಾವೂ ಅಡುಗೆ ಆಟ ಆಡಿದವರೇ, ಅಲ್ವಾ? ಮಣ್ಣಿನಲ್ಲಿ ಮುದ್ದೆ ಕಟ್ಟಿ, ಎಲೆಯಲ್ಲಿ ಸಾರು ಮಾಡಿದವರೇ.

ಕಲಹಾರಿಯ ಮಕ್ಕಳಿಗೆ ಹದಿನೈದು ವರ್ಷದವರೆಗೂ ದುಡಿಮೆಯ ಹೊರೆ ಇರಲಿಲ್ಲ. ಯಾಕೆ? ಅಲ್ಲಿ ನೆಲ ಸಮತಟ್ಟು. ಗುರುತಿಗೆ ಗುಡ್ಡ ಇಲ್ಲ. ನೀರು ದೂರ. ಮಗು ದಾರಿ ತಪ್ಪಿದರೆ ಪ್ರಾಣಕ್ಕೇ ಅಪಾಯ. ಅದಕ್ಕೇ ಮಕ್ಕಳನ್ನು ಬಿಡಾರದ ಹತ್ತಿರವೇ, ದೊಡ್ಡವರ ಕಣ್ಣಿಗೆ ಕಾಣುವ ಹಾಗೆ ಇಟ್ಟುಕೊಳ್ಳುತ್ತಿದ್ದರು.

ಎಲ್ಲ ಕಡೆಯೂ ಹೀಗೇ ಅಲ್ಲ. ತಾಂಜಾನಿಯಾ ದೇಶದಲ್ಲಿ ಹಾಡ್ಜಾ ಎಂಬ ಜನ ಇದ್ದಾರೆ. ಅಲ್ಲಿ ಕಲ್ಲು ಗುಡ್ಡಗಳಿವೆ. ದಾರಿ ತಪ್ಪುವ ಭಯ ಕಡಿಮೆ. ಅಲ್ಲಿನ ಮಕ್ಕಳು ಐದಾರು ವರ್ಷಕ್ಕೇ ಹಣ್ಣು ಆರಿಸುತ್ತಾರೆ, ಗೆಡ್ಡೆ ಅಗೆಯುತ್ತಾರೆ. ತಮ್ಮ ಊಟದಲ್ಲಿ ಒಳ್ಳೆಯ ಪಾಲನ್ನು ತಾವೇ ತರುತ್ತಾರೆ. ನೋಡಿ, ನೆಲ ಹೇಗೋ ಕಲಿಕೆಯೂ ಹಾಗೆ.

ಜುತ್ವಾಸಿಗಳು ಮಕ್ಕಳನ್ನು ಹೊಡೆಯುವುದು ಬಹಳ ಅಪರೂಪ. ಬಾಣಕ್ಕೆ ಹಚ್ಚುವ ವಿಷ ಭಯಂಕರವಾದದ್ದು. ಅದನ್ನು ಮಕ್ಕಳ ಕೈಗೆ ಸಿಗದ ಹಾಗೆ ಇಡುತ್ತಿದ್ದರು. ಮುಟ್ಟಿದರೆ ಹೊಡೀತೀನಿ ಅಂತ ಹೆದರಿಸೋದಕ್ಕಿಂತ ಸಿಗದ ಹಾಗೆ ಇಡೋದೇ ಜಾಣತನ ಅಲ್ವಾ?

ಹಗಲು ಕೆಲಸದ ಮಾತು, ರಾತ್ರಿ ಕಥೆ

ಪಾಲಿ ವೀಸ್ನರ್ ಎಂಬ ಮಹಿಳೆ 1970ರ ದಶಕದಲ್ಲಿ ಜುತ್ವಾಸಿಗಳ ಮಾತುಕತೆಯನ್ನು ಬರೆದುಕೊಂಡರು. ಹಗಲಿನ ಮಾತು ಹೆಚ್ಚಾಗಿ ಕೆಲಸದ್ದು, ದೂರಿನದು. ಯಾರು ಏನು ತಂದರು, ಯಾರು ಕೊಡಲಿಲ್ಲ, ಇಂಥವು. ಆದರೆ ರಾತ್ರಿ ಬೆಂಕಿಯ ಸುತ್ತ ಆಡಿದ ಮಾತಿನಲ್ಲಿ ಶೇಕಡ 81 ಭಾಗ ಕಥೆ! ಅಂದರೆ ನೂರು ಸಲ ಮಾತಿಗೆ ಕೂತರೆ ಎಂಬತ್ತೊಂದು ಸಲ ಕಥೆ. ಹಳೆಯ ಬೇಟೆಯ ಕಥೆ, ಮದುವೆಯ ಕಥೆ, ಜಗಳದ ಕಥೆ, ದೂರದ ನೆಂಟರ ಕಥೆ. ಮಕ್ಕಳು ದೊಡ್ಡವರ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದವು. ನಮ್ಮ ಜಗಲಿಯ ಮೇಲೆ ಅಜ್ಜಿ ಹೇಳಿದ ಕಥೆ ನಿಮಗೆ ನೆನಪಾಗುತ್ತಿರಬೇಕು.

ನೆಲ ಓದುವುದು

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ಜುತ್ವಾಸಿಗಳಿಗೆ ಅಕ್ಷರ ಇರಲಿಲ್ಲ. ಆದರೆ ಓದಲು ಬರುತ್ತಿತ್ತು. ಏನನ್ನು? ನೆಲವನ್ನು.

ಮರಳಿನ ಮೇಲೆ ಒಂದು ಹೆಜ್ಜೆ ಗುರುತು. ನಮಗೆ ಅದು ಬರೀ ಗುಳಿ. ಅವರಿಗೆ ಅದು ಪತ್ರ. ಯಾವ ಪ್ರಾಣಿ? ಯಾವಾಗ ಹೋಯಿತು? ಓಡಿತೋ ನಡೆಯಿತೋ? ಗಾಯ ಆಗಿದೆಯೋ? ಎಲ್ಲ ಹೇಳುತ್ತಾರೆ. ಜೊತೆಯ ಜನರ ಹೆಜ್ಜೆ ನೋಡಿ ಇದು ಇಂಥವರದು ಅಂತಲೂ ಹೇಳುತ್ತಾರೆ. ನಮಗೆ ಕೈಬರಹ ಗುರುತು ಸಿಗೋ ಹಾಗೆ ಅವರಿಗೆ ಹೆಜ್ಜೆ. ಈ ವಿದ್ಯೆ ಚಿಕ್ಕಂದಿನಿಂದ ನೋಡಿ, ಕೇಳಿ, ತಪ್ಪಿ, ತಿದ್ದಿಕೊಂಡು ಬಂದದ್ದು.

ಫ್ರಾನ್ಸ್ ದೇಶದಲ್ಲಿ ಹಳೆಯ ಗುಹೆಗಳಿವೆ. ಅಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವರ್ಷ ಹಳೆಯ ಮನುಷ್ಯರ ಹೆಜ್ಜೆ ಗುರುತುಗಳು ಮಣ್ಣಿನಲ್ಲಿ ಉಳಿದಿವೆ. ಒಂದು ಗುಹೆಯಲ್ಲಿ ಹಿಮ್ಮಡಿಯ ಗುರುತು ಮಾತ್ರ ಇದ್ದವು. ಹುಡುಗರು ಕುಣಿದಿರಬೇಕು ಎಂದು ಓದಿದ ಪಂಡಿತರು ಊಹೆ ಮಾಡಿದ್ದರು. 2013ರಲ್ಲಿ ಮೂವರು ಜುತ್ವಾಸಿಗಳನ್ನು ಅಲ್ಲಿಗೆ ಕರೆಸಿದರು. ಅವರು ದೀಪ ಹಿಡಿದು, ಬಗ್ಗಿ ನೋಡಿದರು. ತಮ್ಮ ತಮ್ಮಲ್ಲಿ ಮಾತಾಡಿಕೊಂಡರು. ಆಮೇಲೆ ಹೇಳಿದರು: ಇಲ್ಲಿ ಯಾರೂ ಕುಣಿದಿಲ್ಲ. ಒಬ್ಬ ದೊಡ್ಡ ಗಂಡಸು, ಒಬ್ಬ ಸುಮಾರು ಹದಿನಾಲ್ಕು ವರ್ಷದ ಹುಡುಗ, ಇಬ್ಬರೂ ಹಿಮ್ಮಡಿ ಊರಿ ನಡೆದಿದ್ದಾರೆ. ಇಲ್ಲಿಂದ ಜೇಡಿಮಣ್ಣು ತೆಗೆದುಕೊಂಡು ಹೋಗಿದ್ದಾರೆ.

ಓದಿದ ಪಂಡಿತರು ಕೂತು ಬರೆದುಕೊಂಡರು. ಮರಳಿನಲ್ಲಿ ಕಲಿತವರು ಪಾಠ ಹೇಳಿದರು. ಈಗ ಹೇಳಿ, ಇವರು ದಡ್ಡರೇ?

ಎಲ್ಲವೂ ಸುಖವಲ್ಲ

ಇಷ್ಟು ಕೇಳಿ ಆ ಬದುಕು ಸ್ವರ್ಗ ಅಂದುಕೊಳ್ಳಬೇಡಿ. ಅಲ್ಲಿ ಆಸ್ಪತ್ರೆ ಇರಲಿಲ್ಲ, ಚುಚ್ಚುಮದ್ದು ಇರಲಿಲ್ಲ. ಹುಟ್ಟಿದ ಐದು ಮಕ್ಕಳಲ್ಲಿ ಒಂದು ಮೊದಲ ವರ್ಷದೊಳಗೇ ಸಾಯುತ್ತಿತ್ತು. ಬರಗಾಲದಲ್ಲಿ ಹಸಿವೂ ಇತ್ತು. ತಾಯಿಯ ಕಣ್ಣೀರು ಎಲ್ಲ ದೇಶದಲ್ಲೂ ಒಂದೇ.

ಹೊರಗಿನ ಲೋಕವೂ ಅವರನ್ನು ಸುಮ್ಮನೆ ಬಿಡಲಿಲ್ಲ. ಆಗ ನಮೀಬಿಯಾವನ್ನು ದಕ್ಷಿಣ ಆಫ್ರಿಕಾ ಸರ್ಕಾರ ಆಳುತ್ತಿತ್ತು. 1970ರಲ್ಲಿ ನಕ್ಷೆಯ ಮೇಲೆ ಗೆರೆ ಎಳೆದು, ಇಷ್ಟೇ ನಿಮ್ಮ ಜಾಗ ಅಂದರು. ಜುತ್ವಾಸಿಗಳ ನೆಲದ ದೊಡ್ಡ ಪಾಲು ಕೈಬಿಟ್ಟು ಹೋಯಿತು. ನೆಲ ಓದಲು ಬಂದವರಿಗೆ ಆ ಕಾಗದ ಓದಲು ಬರಲಿಲ್ಲ. ಓದಿದವರು ಕಾಗದದಲ್ಲಿ ಅವರ ನೆಲ ಕಿತ್ತುಕೊಂಡರು. ಬೇಟೆ ಕಡಿಮೆಯಾಯಿತು. ಅನೇಕರು ಒಂದೇ ಕಡೆ ನೆಲೆ ನಿಂತರು. ಕೂಲಿ, ಪಡಿತರ, ಹೆಂಡ ಬಂದವು. ಇವತ್ತು ಬೇಟೆ ಮತ್ತು ಗೆಡ್ಡೆಯಿಂದಲೇ ಪೂರಾ ಬದುಕುವ ಸ್ಥಿತಿ ಅವರಿಗೆ ಇಲ್ಲ.

ಅವರ ಮಾತಿಗೂ ಅಕ್ಷರ ಬಂತು

1990ರಲ್ಲಿ ನಮೀಬಿಯಾಕ್ಕೆ ಸ್ವಾತಂತ್ರ್ಯ ಬಂತು. ಆ ಹೊತ್ತಿಗೆ ಪ್ಯಾಟ್ರಿಕ್ ಡಿಕನ್ಸ್ ಎಂಬ ಭಾಷಾ ವಿದ್ವಾಂಸರು ಜುತ್ವಾಸಿಗಳ ಮಾತನ್ನು ಬರೆಯುವ ಕ್ರಮ ಮಾಡಿದ್ದರು. ಅವರ ನಿಘಂಟು 1994ರಲ್ಲಿ ಅಚ್ಚಾಯಿತು. ನೈ ನೈ ಎಂಬ ಸೀಮೆಯ ಹಳ್ಳಿಗಳಲ್ಲಿ ಚಿಕ್ಕ ಶಾಲೆಗಳು ಶುರುವಾದವು. ಮೊದಲ ಮೂರು ತರಗತಿ ತಾಯಿನುಡಿಯಲ್ಲೇ. ಅವರವರೇ ಮೇಷ್ಟರು. ಹಿರಿಯರು ಹೇಳಿದ ಕಥೆಗಳೇ ಓದುವ ಪುಸ್ತಕ ಆದವು. ಬೆಂಕಿಯ ಮುಂದೆ ಕೇಳಿದ ಕಥೆ ಕಾಗದದ ಮೇಲೆ ಬಂತು. ಎಂಥ ಸಂತೋಷ!

ಆದರೆ ನಾಲ್ಕನೇ ತರಗತಿಗೆ ಚುಮ್ಕ್ವೆ ಎಂಬ ಪೇಟೆಯ ಶಾಲೆಗೆ ಹೋಗಬೇಕು. ಅಲ್ಲಿ ಬೇರೆ ಭಾಷೆ. ಅಪ್ಪ ಅಮ್ಮ ದೂರ. ಹಾಸ್ಟೆಲ್ಲಿನಲ್ಲಿ ಬೇರೆಯವರ ಗೇಲಿ, ಹೊಡೆತ. ಹೊಡೆತ ಅಷ್ಟಾಗಿ ಕಾಣದೆ ಬೆಳೆದ ಮಕ್ಕಳು ಹೇಗೆ ತಡೆದಾವು? ಅನೇಕ ಮಕ್ಕಳು ಶಾಲೆ ಬಿಟ್ಟು ಮನೆಗೆ ನಡೆದವು. "ಈ ಜನಕ್ಕೆ ಕಲಿಯೋ ಆಸೆಯೇ ಇಲ್ಲ" ಅಂತ ಹೊರಗಿನವರು ಹೇಳಿದರು. ಆಸೆ ಇರಲಿಲ್ಲವೇ? ಅಥವಾ ಕಲಿಸುವ ರೀತಿ ಸರಿ ಇರಲಿಲ್ಲವೇ? ನೀವೇ ಹೇಳಿ. ನಿಮ್ಮಲ್ಲೂ ಕೆಲವರು ಚಿಕ್ಕಂದಿನಲ್ಲಿ ಹೊಡೆತಕ್ಕೆ ಹೆದರಿ ಶಾಲೆ ಬಿಟ್ಟವರು ಇರಬಹುದು.

ಆದರೂ ಅವರು ಅಕ್ಷರವನ್ನು ಕೈಬಿಡಲಿಲ್ಲ. ಯಾಕೆಂದರೆ ಕಾಗದದಲ್ಲಿ ಹೋದ ನೆಲದ ಹಕ್ಕನ್ನು ಕಾಗದದಲ್ಲೇ ಕೇಳಬೇಕು. ಅವರು ಸಂಘ ಕಟ್ಟಿದರು. ಸಭೆ ಮಾಡಿದರು. ಅರ್ಜಿ ಕೊಟ್ಟರು. 1998ರಲ್ಲಿ ನೈ ನೈ ಸೀಮೆಯ ಸುಮಾರು 9,000 ಚದರ ಕಿಲೋಮೀಟರ್ ಜಾಗದ ಕಾಡು ಪ್ರಾಣಿಗಳನ್ನು ನೋಡಿಕೊಳ್ಳುವ, ಅದರ ವರಮಾನ ಪಡೆಯುವ ಹಕ್ಕು ಅವರ ಸಂಘಕ್ಕೆ ಸಿಕ್ಕಿತು. ಕಳೆದದ್ದೆಲ್ಲ ಬರಲಿಲ್ಲ. ಉಳಿದದ್ದು ಉಳಿಯಿತು.

ನಮ್ಮಲ್ಲೂ ನಾಗರಹೊಳೆ, ಎಚ್.ಡಿ. ಕೋಟೆ ಕಡೆ ಜೇನು ಕುರುಬರು ಇದ್ದಾರೆ. ಜೇನು ಕೀಳುವುದು, ಗೆಡ್ಡೆ ಅಗೆಯುವುದು ಅವರ ಹಿಂದಿನ ಬದುಕು. ಅನೇಕರನ್ನು ಕಾಡಿನಿಂದ ಹೊರಗೆ ತಂದರು. ಅವರಂಥವರ ಹಕ್ಕಿಗಾಗಿ 2006ರಲ್ಲಿ ಅರಣ್ಯ ಹಕ್ಕು ಕಾಯಿದೆ ಬಂತು. ಅಲ್ಲೂ ಅರ್ಜಿ ಬರೆಯಬೇಕು, ಗ್ರಾಮ ಸಭೆಯಲ್ಲಿ ಮಾತಾಡಬೇಕು. ಕಾಡು ಬಲ್ಲವರಿಗೂ ಕಾಗದ ಬೇಕಾಯಿತು.

ಕೊನೆಯ ಮಾತು

ಅಕ್ಕ ತಂಗಿಯರೇ, ನಾನು ಹೇಳಿದ್ದು ಇಷ್ಟೇ. ಅಕ್ಷರ ಬಾರದವರು ಅರಿವಿಲ್ಲದವರಲ್ಲ. ನಾಟಿ, ಕಳೆ, ಬೀಜ ಆಯುವುದು, ಹೆರಿಗೆ ನೋಡುವುದು, ಹಸುವಿನ ಕಾಯಿಲೆ ಗುರುತಿಸುವುದು, ಇವೆಲ್ಲ ವಿದ್ಯೆ. ಇವನ್ನು ನೀವು ಕಣ್ಣಲ್ಲಿ ಓದಿದ್ದೀರಿ, ಕೈಯಲ್ಲಿ ಬರೆದಿದ್ದೀರಿ. ಅದಕ್ಕೆ ನಾಚಿಕೆ ಬೇಡ. ಇನ್ನು ಮೇಲೆ ಯಾರೂ "ನಾನು ದಡ್ಡಿ" ಅನ್ನಬೇಡಿ.

ಆದರೆ ಅದೊಂದೇ ಈಗ ಸಾಲದು. ರೇಷನ್ ಕಾರ್ಡು, ಪಹಣಿ, ಬ್ಯಾಂಕಿನ ಪುಸ್ತಕ, ಸಂಘದ ಲೆಕ್ಕ, ಇವೆಲ್ಲ ಈ ಕಾಲದ ಹೆಜ್ಜೆ ಗುರುತು. ಇವನ್ನು ಓದಲು ಬಂದರೆ ಯಾರು ಬಂದರು, ಯಾರು ಹೋದರು, ಏನು ಕೊಂಡೊಯ್ದರು ಅಂತ ನಮಗೆ ತಿಳಿಯುತ್ತದೆ.

ನಿಮ್ಮ ಮಕ್ಕಳನ್ನು ಶಾಲೆಗೆ ಕಳಿಸಿ. ಹೆಣ್ಣು ಮಕ್ಕಳನ್ನು ತಪ್ಪದೇ ಕಳಿಸಿ. ಶಾಲೆಯಲ್ಲಿ ಮಗುವಿಗೆ ಹೊಡೆದರೆ ಹೋಗಿ ಕೇಳಿ. ಹಾಗೆಯೇ ರಜಾ ದಿನ ಮಗುವನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ನಿಮಗೆ ಗೊತ್ತಿರುವ ಸೊಪ್ಪು, ಹಕ್ಕಿ, ಮಣ್ಣು ತೋರಿಸಿ. ರಾತ್ರಿ ಒಂದು ಕಥೆ ಹೇಳಿ. ಆ ಪಾಠ ಯಾವ ಪುಸ್ತಕದಲ್ಲೂ ಇಲ್ಲ.

ಸ್ಲೇಟು ತೋರಿಸಿದ ಅಕ್ಕ ಅಲ್ಲಿ ಕೂತಿದ್ದಾರೆ. ನಗುತ್ತಿದ್ದಾರೆ. ಅಕ್ಕ, ನಾಳೆ ಆ ಸ್ಲೇಟಿನ ಮೇಲೆ ನಿಮಗೆ ಗೊತ್ತಿರುವ ಹತ್ತು ಸೊಪ್ಪಿನ ಹೆಸರು ಬರೆದು ತನ್ನಿ. ನನಗೆ ನಾಲ್ಕೈದೇ ಗೊತ್ತು. ಉಳಿದದ್ದು ನೀವು ನನಗೆ ಕಲಿಸಿ.

ಮಾತಾಡೋಣ, ಬರೆಯೋಣ

1. ನೀವು ನೋಡ್ತಾ ನೋಡ್ತಾ ಕಲಿತ ಒಂದು ಕೆಲಸ ಯಾವುದು? ಯಾರನ್ನು ನೋಡಿ ಕಲಿತಿರಿ?

2. ಜುತ್ವಾಸಿ ಅಜ್ಜಿ ಮಗುವಿನ ಕೈಗೆ ಮಣಿ ಕೊಟ್ಟು ಏನು ಕಲಿಸುತ್ತಿದ್ದಳು?

3. ಜುತ್ವಾಸಿ ಮಕ್ಕಳು ಪೇಟೆಯ ಶಾಲೆ ಬಿಟ್ಟದ್ದು ಯಾಕೆ? ನಮ್ಮ ಊರಿನಲ್ಲಿ ಮಕ್ಕಳು ಶಾಲೆ ಬಿಡುವುದು ಯಾಕೆ?

4. ನಿಮಗೆ ಗೊತ್ತಿರುವ ಹತ್ತು ಸೊಪ್ಪಿನ ಹೆಸರು ಬರೆಯಿರಿ.